ಸಾಸಿವೆ ಡಬ್ಬಿಯಿಂದ ಗೃಹಲಕ್ಷ್ಮಿಯವರೆಗೆ: ಮನೆಗೆ ಏನು ತರಬೇಕು ಅಂತ ತೀರ್ಮಾನಿಸೋದು ಯಾರು?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆಯನ್ನ ಒಂದು ತಾರೀಕಿನಿಂದ ಶುರು ಮಾಡೋಣ. 2016ರ ನವೆಂಬರ್ 8, ಮಂಗಳವಾರ, ರಾತ್ರಿ ಎಂಟು ಗಂಟೆ. 500 ಮತ್ತು 1,000 ರೂಪಾಯಿ ನೋಟುಗಳು ಮಧ್ಯರಾತ್ರಿಯಿಂದ ನಡೆಯೋದಿಲ್ಲ ಅಂತ ಪ್ರಧಾನಿ ಟಿವಿಯಲ್ಲಿ ಹೇಳಿದರು. ಕಪ್ಪುಹಣ, ಖೋಟಾನೋಟು, ಬ್ಯಾಂಕಿನ ಮುಂದಿನ ಸಾಲು, ಇವೆಲ್ಲದರ ಬಗ್ಗೆ ಬೇಕಾದಷ್ಟು ಮಾತಾಡಿದ್ದೇವೆ. ನಾನು ಹೇಳೋಕೆ ಹೊರಟಿರೋದು ಅವತ್ತು ರಾತ್ರಿ ಅಡುಗೆಮನೆಗಳಲ್ಲಿ ನಡೆದ ಸಂಗತಿ.

ಸಾಸಿವೆ ಡಬ್ಬಿಯ ತಳ. ಅಕ್ಕಿ ಡ್ರಮ್ಮಿನೊಳಗೆ ಪ್ಲಾಸ್ಟಿಕ್ ಕವರಲ್ಲಿ ಸುತ್ತಿ ಹೂತಿಟ್ಟ ಗಂಟು. ರೇಷ್ಮೆ ಸೀರೆಯ ಮಡಿಕೆ. ದೇವರ ಫೋಟೋದ ಹಿಂಭಾಗ. ಅಲ್ಲೆಲ್ಲ ಅಡಗಿದ್ದ ನೋಟುಗಳು ಅವತ್ತಿಂದ ಒಂದೊಂದಾಗಿ ಹೊರಗೆ ಬಂದವು. 'ನನ್ನ ಹೆಂಡ್ತಿ ಇಷ್ಟು ಶ್ರೀಮಂತೆ ಅಂತ ಗೊತ್ತೇ ಇರ್ಲಿಲ್ಲ' ಅನ್ನೋ ಥರದ ವಾಟ್ಸ್‌ಆ್ಯಪ್ ಜೋಕುಗಳು ಎಷ್ಟು ಓಡಾಡಿದವು ಅಂತ ನಿಮಗೆ ನೆನಪಿರಬಹುದು. ಎರಡೂವರೆ ಲಕ್ಷದವರೆಗೆ ಜಮಾ ಮಾಡಿದರೆ ತೆರಿಗೆ ಇಲಾಖೆ ಪ್ರಶ್ನೆ ಕೇಳೋದಿಲ್ಲ ಅಂತ ಸರ್ಕಾರ ಗೃಹಿಣಿಯರಿಗೆ ಅಭಯ ಕೊಟ್ಟಿತು. ಸರಿ, ತೆರಿಗೆ ಇಲಾಖೆ ಕೇಳಲ್ಲ. ಮನೆಯವರು ಕೇಳದೇ ಇರ್ತಾರಾ?

ಆ ದುಡ್ಡು ಕದ್ದದ್ದಲ್ಲ. ತಿಂಗಳ ಸಾಮಾನಿಗೆ ಅಂತ ಕೊಟ್ಟದ್ದರಲ್ಲಿ ಹತ್ತಿಪ್ಪತ್ತು ಉಳಿಸಿದ್ದು, ಹಾಲು ಮಾರಿದ್ದು, ರವಿಕೆ ಹೊಲಿದುಕೊಟ್ಟದ್ದು, ತವರಿಗೆ ಹೋದಾಗ ಅಪ್ಪನೋ ಅಣ್ಣನೋ ಅರಿಶಿನ ಕುಂಕುಮಕ್ಕೆ ಅಂತ ಕೈಗಿಟ್ಟದ್ದು. ಹಾಗಾದ್ರೆ ಯಾಕೆ ಬಚ್ಚಿಡಬೇಕಿತ್ತು? ನನಗನಿಸುವ ಉತ್ತರ ಇಷ್ಟೇ: ಏನನ್ನಾದರೂ ಕೊಳ್ಳಬೇಕಾದಾಗ 'ಯಾಕೆ?' ಅನ್ನೋ ಪ್ರಶ್ನೆಗೆ ಉತ್ತರ ಕೊಡಬೇಕಾಗಿ ಬರಬಾರದು ಅಂತ. ಮಗಳಿಗೊಂದು ಜೊತೆ ಓಲೆ, ತಂಗಿಯ ಬಾಣಂತನಕ್ಕೆ ಒಂದಿಷ್ಟು, ತನಗೇ ಒಂದು ಸೀರೆ. ಇದಕ್ಕೆಲ್ಲ ಅರ್ಜಿ ಹಾಕಿಕೊಂಡು ನಿಲ್ಲಬಾರದು ಅಂತ.

ಗಂಡ ಹೆಂಡತಿ ಸೇರಿ ಏನು ಕೊಳ್ತಾರೆ, ಏನು ಬೇಡ ಅಂತಾರೆ, ಯಾರ ಮಾತು ನಡೆಯುತ್ತೆ ಅನ್ನೋದಕ್ಕೆ ಒಂದು ಉದ್ದನೆಯ ಇತಿಹಾಸ ಇದೆ. ಅದರಲ್ಲಿ ಸ್ವಲ್ಪ ಭಾಗ ಆಯಾ ಮನುಷ್ಯರ ಸ್ವಭಾವ. ಒಬ್ಬರ ಕೈ ಬಿಗಿ, ಇನ್ನೊಬ್ಬರ ಕೈ ಸಡಿಲ. ಆದ್ರೆ ಸ್ವಭಾವ ಕೆಲಸ ಮಾಡೋಕೆ ಮುಂಚೆಯೇ ರೂಢಿ ಮತ್ತು ಕಾನೂನು ಆಟದ ಕಣ ಹಾಕಿಬಿಟ್ಟಿರುತ್ತವೆ. ದುಡ್ಡು ಯಾರ ಹೆಸರಲ್ಲಿ ಬರುತ್ತೆ, ಯಾರ ಕೈಗೆ ಬರುತ್ತೆ ಅನ್ನೋದರಲ್ಲೇ ಅರ್ಧ ತೀರ್ಮಾನ ಆಗಿಹೋಗಿರುತ್ತೆ. ಅಂಗಡಿಗೆ ಕಾಲಿಡುವ ಹೊತ್ತಿಗೆ ಉಳಿದಿರೋದು ಬಣ್ಣದ ಆಯ್ಕೆ ಮಾತ್ರ.

ವಿದ್ವಾಂಸರು ಇದನ್ನ ಅಳೆಯೋಕೂ ನೋಡಿದ್ದಾರೆ. 1974ರಲ್ಲಿ ಹ್ಯಾರಿ ಡೇವಿಸ್ ಮತ್ತು ಬೆನ್ನಿ ರಿಗೊ ಅನ್ನೋ ಇಬ್ಬರು ಬೆಲ್ಜಿಯಂ ದೇಶದ ದಂಪತಿಗಳನ್ನ 25 ಬಗೆಯ ಮನೆ ತೀರ್ಮಾನಗಳ ಬಗ್ಗೆ ಕೇಳಿ ಒಂದು ಅಧ್ಯಯನ ಪ್ರಕಟಿಸಿದರು. ಇವತ್ತಿಗೂ ಮಾರ್ಕೆಟಿಂಗ್ ಪಾಠದ ಪುಸ್ತಕಗಳಲ್ಲಿ ಅದು ಇದೆ. ಅವರು ತೀರ್ಮಾನಗಳನ್ನ ನಾಲ್ಕು ಥರ ಮಾಡಿದರು. ನಮ್ಮ ಮಾತಲ್ಲಿ ಹೇಳೋದಾದ್ರೆ: 'ಅವರನ್ನೇ ಕೇಳಿ', 'ಅವಳನ್ನೇ ಕೇಳಿ', 'ಇಬ್ಬರೂ ಮಾತಾಡಿ ಹೇಳ್ತೀವಿ', 'ಯಾರು ತಂದ್ರೂ ಆಯ್ತು'. ಬಹಳ ಚೆನ್ನಾಗಿದೆ. ಆದ್ರೆ ನಮ್ಮ ಕಡೆಯ ಎರಡು ಮುಖ್ಯ ವಿಭಾಗಗಳು ಅದರಲ್ಲಿಲ್ಲ. ಒಂದು, 'ಅತ್ತೆಯವರನ್ನ ಕೇಳಿ'. ಇನ್ನೊಂದು, ಸಾಸಿವೆ ಡಬ್ಬಿ. ಅಂದ್ರೆ ಒಬ್ಬರು ತೀರ್ಮಾನ ಮಾಡಿ ಆಗಿದೆ, ಇನ್ನೊಬ್ಬರಿಗೆ ಗೊತ್ತಿಲ್ಲ.

ಡಬ್ಬಿಯ ಹಿಂದಿನ ಕಥೆಗೆ ನಾವು ಒಂಬೈನೂರು ವರ್ಷ ಹಿಂದಕ್ಕೆ, ಕಲ್ಯಾಣಕ್ಕೆ ಹೋಗಬೇಕು. ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆಗ ಅದು ಚಾಲುಕ್ಯರ ರಾಜಧಾನಿ. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿಜ್ಞಾನೇಶ್ವರ ಅನ್ನೋ ಪಂಡಿತ ಇದ್ದ. ಯಾಜ್ಞವಲ್ಕ್ಯ ಸ್ಮೃತಿಗೆ ಅವನು ಬರೆದ ವ್ಯಾಖ್ಯಾನವೇ 'ಮಿತಾಕ್ಷರ'. ಬಂಗಾಳ, ಅಸ್ಸಾಂ ಬಿಟ್ಟು ಭಾರತದ ಹೆಚ್ಚಿನ ಭಾಗದಲ್ಲಿ ಹಿಂದೂ ಆಸ್ತಿ ಹಂಚಿಕೆ ನೂರಾರು ವರ್ಷ ನಡೆದದ್ದು ಈ ಪುಸ್ತಕದ ಮೇಲೆ.

ಹೆಣ್ಣಿನ ಸ್ವಂತ ಆಸ್ತಿ, ಅಂದ್ರೆ ಸ್ತ್ರೀಧನ ಯಾವುದು ಅನ್ನೋ ಪ್ರಶ್ನೆ ಬಂದಾಗ ಸ್ಮೃತಿಯಲ್ಲಿ ಒಂದು ಪಟ್ಟಿ ಇತ್ತು. ತಂದೆ ತಾಯಿ, ಗಂಡ, ಅಣ್ಣತಮ್ಮ ಕೊಟ್ಟದ್ದು, ಮದುವೆಯ ಅಗ್ನಿಯ ಮುಂದೆ ಬಂದದ್ದು, ಇಂಥವು. ಕೊನೆಗೆ 'ಆದಿ', 'ಮೊದಲಾದವು' ಅನ್ನೋ ಅರ್ಥದ ಒಂದು ಪದ. ಆ ಒಂದು ಪದವನ್ನ ಹಿಡಿದು ವಿಜ್ಞಾನೇಶ್ವರ ಬಾಗಿಲನ್ನೇ ತೆರೆದುಬಿಟ್ಟ. ಉತ್ತರಾಧಿಕಾರದಿಂದ ಬಂದದ್ದು, ಪಾಲಿನಲ್ಲಿ ಬಂದದ್ದು, ಸಿಕ್ಕಿದ್ದು, ಜೊತೆಗೆ ಕ್ರಯದಿಂದ ಬಂದದ್ದು, ಇವೆಲ್ಲವೂ ಸ್ತ್ರೀಧನವೇ ಅಂದ. ಕ್ರಯ ಅಂದ್ರೆ ಕೊಂಡದ್ದು. ಹೆಂಗಸು ತಾನಾಗಿ ಕೊಳ್ಳಬಹುದು, ಕೊಂಡದ್ದು ಅವಳದೇ ಆಗಿರುತ್ತೆ ಅನ್ನೋ ಮಾತು ಕಲ್ಯಾಣದಲ್ಲಿ ಕೂತು ಬರೆದ ಪುಸ್ತಕದಲ್ಲಿದೆ. ಬ್ರಿಟಿಷರ ಕಾಲದ ನ್ಯಾಯಾಲಯಗಳು ಈ ಬಾಗಿಲನ್ನ ಸುಮಾರಾಗಿ ಮುಚ್ಚಿದವು, ಮುಖ್ಯವಾಗಿ ಉತ್ತರಾಧಿಕಾರದ ಆಸ್ತಿಯ ವಿಚಾರದಲ್ಲಿ. ಅದು ಬೇರೆ ಕಥೆ.

ಆದ್ರೆ ಅದೇ ಸ್ಮೃತಿಯಲ್ಲಿ ಇನ್ನೊಂದು ಮಾತೂ ಇದೆ. ಬರಗಾಲ ಬಂದಾಗ, ಧರ್ಮಕಾರ್ಯಕ್ಕೆ, ಕಾಯಿಲೆ ಬಿದ್ದಾಗ, ಸೆರೆಯಲ್ಲಿದ್ದಾಗ ಗಂಡ ಹೆಂಡತಿಯ ಸ್ತ್ರೀಧನ ತೆಗೆದುಕೊಂಡರೆ ಅದನ್ನ ವಾಪಸ್ ಕೊಡಲೇಬೇಕು ಅಂತಿಲ್ಲ. ಕೊಳ್ಳೋವಾಗ ಅವಳದು, ಕಷ್ಟ ಬಂದಾಗ ಮನೆಯದು. ಈ ವಾಕ್ಯವನ್ನ ನೆನಪಿಟ್ಟುಕೊಂಡಿರಿ, ಮುಂದೆ ಚಿನ್ನದ ವಿಷಯಕ್ಕೆ ಬಂದಾಗ ಬೇಕಾಗುತ್ತೆ.

ಅದೇ ಕಲ್ಯಾಣ, ಕೆಲವೇ ದಶಕಗಳ ನಂತರ. ಶರಣರ ಕಾಲ. ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಯ ಕಥೆ ನಿಮಗೆ ಗೊತ್ತಿರುತ್ತೆ. ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರೋದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಒಲೆ ಹಚ್ಚಲಿಲ್ಲ. ಇಷ್ಟು ಯಾಕೆ ಬೇಕಿತ್ತು ಅಂತ ಕೇಳಿ, ಹೆಚ್ಚಾದದ್ದನ್ನ ಅಲ್ಲೇ ಸುರಿದು ಬಾ ಅಂತ ಗಂಡನನ್ನ ವಾಪಸ್ ಕಳಿಸಿದಳು. ಇದನ್ನ ನಾವು ಯಾವಾಗಲೂ ಕಾಯಕ ತತ್ವದ ಕಥೆಯಾಗಿ ಓದ್ತೀವಿ. ಸರಿಯೇ. ಆದ್ರೆ ಸುಮ್ಮನೆ ಒಂದು ಸಂಸಾರದ ಕಥೆಯಾಗಿಯೂ ಓದಿ ನೋಡಿ. ಮನೆಗೆ ಎಷ್ಟು ಬರಬೇಕು ಅನ್ನೋ ತೀರ್ಮಾನ ಇಲ್ಲಿ ಹೆಂಡತಿಯದು, ಮತ್ತು ಆಕೆಯದು 'ಸಾಕು' ಅನ್ನೋ ಸ್ವಭಾವ. ನಮ್ಮ ಸಿನಿಮಾಗಳಲ್ಲಿ, ನಗೆಹನಿಗಳಲ್ಲಿ ಹೆಂಡತಿ ಯಾವಾಗಲೂ ಸೀರೆ ಕೇಳೋಳು, ಗಂಡ ಜೇಬು ಮುಟ್ಟಿ ನೋಡಿಕೊಳ್ಳೋನು. ನಾಡಿನ ಅತಿ ಪ್ರಸಿದ್ಧ ದಂಪತಿಗಳಲ್ಲಿ ಒಂದು ಜೋಡಿ ಇದಕ್ಕೆ ಪೂರಾ ಉಲ್ಟಾ.

ಸ್ವಭಾವದ ಮಾತು ಬಂದದ್ದರಿಂದ ಇಲ್ಲೇ ಒಂದು ಹೇಳಿಬಿಡ್ತೀನಿ. 2011ರಲ್ಲಿ ಅಮೆರಿಕದ ಸ್ಕಾಟ್ ರಿಕ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಕೈ ಬಿಗಿ ಇರೋರು ಕೈ ಸಡಿಲ ಇರೋರನ್ನೇ ಮದುವೆಯಾಗುವ ಸಾಧ್ಯತೆ ಹೆಚ್ಚು. ಆದ್ರೆ ಆ ಅಂತರ ದೊಡ್ಡದಾದಷ್ಟೂ ದುಡ್ಡಿನ ಜಗಳವೂ ಹೆಚ್ಚು ಅಂತ ಅವರು ಕಂಡುಕೊಂಡದ್ದು. ಅದು ತಾವೇ ಸಂಗಾತಿಯನ್ನ ಆರಿಸಿಕೊಳ್ಳುವ ಸಮಾಜದ ಮಾತು. ನಮ್ಮಲ್ಲಿ ಗಣ, ನಾಡಿ, ಕೂಟ ಎಲ್ಲ ನೋಡ್ತಾರೆ. ಹುಡುಗನ ಕೈ ಬಿಗಿಯೋ ಸಡಿಲವೋ ಅಂತ ಯಾವ ಪಂಚಾಂಗದಲ್ಲೂ ನೋಡಲ್ಲ. ಅದು ಗೊತ್ತಾಗೋದು ಮೊದಲ ದೀಪಾವಳಿಗೆ.

ರೂಢಿಗಳು ಕರ್ನಾಟಕದೊಳಗೇ ಎಷ್ಟು ಬೇರೆ ಬೇರೆ ಇದ್ದವು ಅನ್ನೋದು ಮುಖ್ಯ. ಕರಾವಳಿಗೆ ಬನ್ನಿ. ಬಂಟರು, ಬಿಲ್ಲವರು ಮೊದಲಾದವರಲ್ಲಿ ಅಳಿಯಸಂತಾನ ಕಟ್ಟು ಇತ್ತು. ಆಸ್ತಿ ತಾಯಿಯ ಕಡೆಯಿಂದ ಇಳಿಯುತ್ತೆ, ಗಂಡಸಿನ ವಾರಸುದಾರರು ಅವನ ಅಕ್ಕತಂಗಿಯರ ಮಕ್ಕಳು. ಈ ಕಟ್ಟಿನಲ್ಲಿ ಹೆಂಗಸಿನ ಮನೆಗೆ ದೊಡ್ಡದೊಂದು ಸಾಮಾನು ಬರಬೇಕಾದರೆ ಮಾತುಕತೆ ನಡೀತಿದ್ದದ್ದು ಗಂಡನ ಜೊತೆ ಅಲ್ಲ, ಕುಟುಂಬದ ಯಜಮಾನನ ಜೊತೆ. ಅವನು ಅವಳ ಅಣ್ಣನೋ ಮಾವನೋ ಆಗಿರ್ತಿದ್ದ. 'ದಂಪತಿಗಳ ಕೊಳ್ಳುವ ತೀರ್ಮಾನ' ಅನ್ನೋ ಮಾತೇ ಅಲ್ಲಿ ಸರಿಯಾಗಿ ಕೂರೋದಿಲ್ಲ. ಘಟ್ಟ ಹತ್ತಿದರೆ ಲೆಕ್ಕವೇ ಬೇರೆ. ಎಂ.ಎನ್. ಶ್ರೀನಿವಾಸ್ ಅವರ ಮೊದಲ ಪುಸ್ತಕ 1942ರಲ್ಲಿ ಬಂತು, ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ. ಬ್ರಾಹ್ಮಣರಲ್ಲಿ ವರದಕ್ಷಿಣೆ, ಬೇರೆ ಅನೇಕ ಜಾತಿಗಳಲ್ಲಿ ಗಂಡಿನ ಕಡೆಯವರು ಕೊಡುವ ತೆರ, ಎರಡನ್ನೂ ಅವರು ದಾಖಲಿಸಿದ್ದಾರೆ. ಹೆಣ್ಣಿಗಾಗಿ ದುಡ್ಡು ಯಾವ ದಿಕ್ಕಿನಿಂದ ಯಾವ ದಿಕ್ಕಿಗೆ ಹೋಯ್ತು ಅನ್ನೋದು ಮದುವೆಯಾದ ಮೇಲೂ ಮನೆಯ ಮಾತಿನಲ್ಲಿ ಇರುತ್ತೆ. 'ನಮ್ಮಪ್ಪ ಕೊಟ್ಟ ದುಡ್ಡಲ್ಲೇ ನೀವು ಗಾಡಿ ತಗೊಂಡಿದ್ದು' ಅನ್ನೋ ಮಾತು ಎಷ್ಟು ಮನೆಗಳಲ್ಲಿ ಕೇಳಿಲ್ಲ!

ಹಳ್ಳಿಗಳಲ್ಲಿ ಎರಡು ಮಾರುಕಟ್ಟೆಗಳು ಇದ್ದವು ಅನ್ನಬಹುದು. ಒಂದು ಸಂತೆ. ವಾರಕ್ಕೊಮ್ಮೆ, ಹಲವು ಕಡೆ ಅದು ಗಂಡಸರ ಜಾಗ. ಎತ್ತು, ಹಗ್ಗ, ಕುಡ, ಬೀಜ, ಬಟ್ಟೆ. ನಗದು ದುಡ್ಡು, ಇಲ್ಲಾಂದ್ರೆ ಉದ್ರಿ. ಇನ್ನೊಂದು ಮನೆಯ ಹಿತ್ತಲ ಬಾಗಿಲು. ಅಲ್ಲಿಗೆ ಬಳೆಗಾರ ಬರ್ತಿದ್ದ, ಪಾತ್ರೆಯವರು ಬರ್ತಿದ್ದರು, ಪಿನ್ನು ರಿಬ್ಬನ್ನಿನವರು ಬರ್ತಿದ್ದರು. ಅಲ್ಲಿ ವ್ಯಾಪಾರ ರಾಗಿ, ಜೋಳದಲ್ಲಿ, ಹಳೇ ಸೀರೆಯಲ್ಲಿ, ಉದುರಿದ ಕೂದಲಿನ ಉಂಡೆಯಲ್ಲಿ. ನಗದು ಕೈಗೆ ಸಿಗದ ಹೆಂಗಸರು ನಗದೇ ಬೇಡದ ಮಾರುಕಟ್ಟೆಯೊಂದನ್ನ ನಡೆಸ್ತಿದ್ದರು. ಬಳೆ ತೊಡಿಸಿಕೊಳ್ಳೋಕೆ ಗಂಡನ ಒಪ್ಪಿಗೆ ಬೇಕಿರಲಿಲ್ಲ. ಮುತ್ತೈದೆಗೆ ಬಳೆ ಬೇಡ ಅಂತ ಹೇಳೋ ಧೈರ್ಯ ಯಾವ ಗಂಡನಿಗಿದೆ? ರೂಢಿ ಕಟ್ಟಿಹಾಕುತ್ತೆ ನಿಜ, ಆದ್ರೆ ಜಾಣರಿಗೆ ಅದೇ ರೂಢಿಯಲ್ಲಿ ಕಿಂಡಿಯೂ ಸಿಗುತ್ತೆ. ಸಾಸಿವೆ ಡಬ್ಬಿ ಹುಟ್ಟಿದ್ದು ಈ ಹಿತ್ತಲ ಬಾಗಿಲ ವ್ಯಾಪಾರದಿಂದ ಅಂತ ನನ್ನ ಊಹೆ.

ಈಗ ಕಾನೂನಿಗೆ ಬರೋಣ. 1933, ಮೈಸೂರು ಸಂಸ್ಥಾನ. ನಾಲ್ವಡಿ ಕೃಷ್ಣರಾಜ ಒಡೆಯರ್ ಮಹಾರಾಜರು, ಮಿರ್ಜಾ ಇಸ್ಮಾಯಿಲ್ ದಿವಾನರು. ಆ ವರ್ಷ ಹಿಂದೂ ಕಾನೂನಿನಲ್ಲಿ ಸ್ತ್ರೀಯರ ಹಕ್ಕುಗಳ ಕಾಯ್ದೆ ಬಂತು. ಪಾಲಾದಾಗ ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದು ಪಾಲು. ಮತ್ತೆ ಸ್ತ್ರೀಧನ ಯಾವುದು ಅನ್ನೋದಕ್ಕೆ ವಿವರವಾದ ವ್ಯಾಖ್ಯೆ. ಅವಳ ಒಡವೆ, ಅವಳ ಬಟ್ಟೆಬರೆ ಅವಳದು ಅಂತ ಕಾನೂನಿನ ಭಾಷೆಯಲ್ಲಿ ಬರೆದಿಟ್ಟರು. ಬ್ರಿಟಿಷ್ ಭಾರತದಲ್ಲಿ ವಿಧವೆಯರಿಗೆ ಸೀಮಿತ ಹಕ್ಕು ಕೊಡುವ ಕಾಯ್ದೆ ಬಂದದ್ದು 1937ರಲ್ಲಿ, ಅಂದ್ರೆ ನಾಲ್ಕು ವರ್ಷ ತಡವಾಗಿ. ಆದ್ರೆ ಆಗ ಧಾರವಾಡ, ಬೆಳಗಾವಿ ಇದ್ದದ್ದು ಮುಂಬಯಿ ಪ್ರಾಂತದಲ್ಲಿ. ಮಂಗಳೂರು, ಬಳ್ಳಾರಿ ಮದ್ರಾಸಿನಲ್ಲಿ. ಬೀದರ್, ಕಲಬುರಗಿ, ರಾಯಚೂರು ನಿಜಾಮರ ಹೈದರಾಬಾದಿನಲ್ಲಿ. ತುಮಕೂರಿನ ಹೆಣ್ಣುಮಗಳಿಗೆ ಇದ್ದ ಹಕ್ಕು, ಬಳ್ಳಾರಿಗೆ ಮದುವೆಯಾಗಿ ಹೋದ ಅವಳ ತಂಗಿಗೆ ಇರಲಿಲ್ಲ. ಮಿತಾಕ್ಷರ ಹುಟ್ಟಿದ ಕಲ್ಯಾಣದ ಹೆಂಗಸರಿಗೂ ಇರಲಿಲ್ಲ!

ಒಡವೆ ಅಂದೆ. ಹೆಂಗಸಿನ ಹೆಸರಲ್ಲಿ ಕೊಳ್ಳುವ ಒಂದೇ ಒಂದು ದೊಡ್ಡ ಸಾಮಾನು ತಲೆಮಾರುಗಳ ಕಾಲ ಚಿನ್ನವೇ ಆಗಿತ್ತು. ಹೊಲ ಗಂಡನ ಹೆಸರಲ್ಲಿ, ಮನೆ ಮಾವನ ಹೆಸರಲ್ಲಿ, ಚಿನ್ನ ಅವಳ ಕತ್ತಿನಲ್ಲಿ. ಹೆಂಗಸರಿಗೆ ಚಿನ್ನದ ಹುಚ್ಚು ಅಂತಾರಲ್ಲ, ಆ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ಬೇರೆ ಯಾವ ಆಸ್ತಿಗೂ ಹೆಸರು ಹಾಕಿಸಿಕೊಳ್ಳೋಕೆ ಬಿಡದೆ, ಒಂದೇ ಒಂದಕ್ಕೆ ಬಿಟ್ಟು, ಆಮೇಲೆ ಅದರ ಮೇಲೆ ಆಸೆ ಜಾಸ್ತಿ ಅಂತ ನಗೋದು ಯಾವ ನ್ಯಾಯ?

1963ರ ಜನವರಿಯಲ್ಲಿ ಸರ್ಕಾರ ಈ ಚಿನ್ನಕ್ಕೇ ಕೈ ಹಾಕಿತು. ಚೀನಾ ಯುದ್ಧ ಆಗಷ್ಟೇ ಮುಗಿದಿತ್ತು, ವಿದೇಶಿ ವಿನಿಮಯಕ್ಕೆ ಪರದಾಟ, ಕಳ್ಳಸಾಗಣೆ ಜೋರು. ಹಣಕಾಸು ಸಚಿವ ಮೊರಾರ್ಜಿ ದೇಸಾಯಿ ಚಿನ್ನ ನಿಯಂತ್ರಣ ನಿಯಮಗಳನ್ನ ತಂದರು. ಹೊಸದಾಗಿ ಮಾಡುವ ಒಡವೆ 14 ಕ್ಯಾರಟ್ಟಿಗಿಂತ ಹೆಚ್ಚು ಇರಬಾರದು. 22 ಕ್ಯಾರಟ್ ನೋಡಿ ಬೆಳೆದ ಕಣ್ಣಿಗೆ 14 ಕ್ಯಾರಟ್ ಅಂದ್ರೆ ಹೆಚ್ಚೂಕಡಿಮೆ ಅರ್ಧ ಬೇರೆ ಲೋಹ. ಅಕ್ಕಸಾಲಿಗರ ಕೆಲಸ ಹೋಯ್ತು, ದೇಶದ ಎಷ್ಟೋ ಕಡೆ ಅವರ ಮನೆಗಳು ಉಪವಾಸ ಬಿದ್ದವು. ಜನರ ಚಿನ್ನದ ಆಸೆ ಹೋಗಲಿಲ್ಲ. ಮೂರೇ ವರ್ಷಕ್ಕೆ 14 ಕ್ಯಾರಟ್ಟಿನ ಮಿತಿ ಬಿಡಬೇಕಾಯ್ತು. 1968ರಲ್ಲಿ ಬಂದ ಚಿನ್ನ ನಿಯಂತ್ರಣ ಕಾಯ್ದೆ ಗಟ್ಟಿ, ಬಿಸ್ಕತ್ತುಗಳನ್ನ ಇಟ್ಟುಕೊಳ್ಳೋದನ್ನ ನಿಷೇಧಿಸಿತು, ಒಡವೆಯನ್ನಲ್ಲ. ಆ ಕಾಯ್ದೆಯೂ 1990ರಲ್ಲಿ ಹೋಯ್ತು. ದೆಹಲಿಯ ಅಧಿಕಾರಿಗಳು ಇದನ್ನ ಆಮದಿನ ಲೆಕ್ಕವಾಗಿ ನೋಡಿದರು. ಮನೆಗಳಲ್ಲಿ ಅದು ಹೆಣ್ಣಿನ ಹೆಸರಿನ ಏಕೈಕ ಪಾಸ್‌ಬುಕ್ ಆಗಿತ್ತು.

ಇನ್ನು ಆ ಹಳೇ ವಾಕ್ಯ: ಬರ ಬಂದಾಗ, ಕಾಯಿಲೆ ಬಿದ್ದಾಗ. ಚಿನ್ನ ಕೊಳ್ಳೋವಾಗ ಮನೆಯ ಹೆಂಗಸರೆಲ್ಲ ಅಂಗಡಿಗೆ ಹೋಗ್ತಾರೆ. ಅದೇ ಚಿನ್ನ ಅಡ ಇಡೋವಾಗ ಬಹಳ ಮನೆಗಳಲ್ಲಿ ಗಂಡ ಒಬ್ಬನೇ ಹೋಗ್ತಾನೆ. ಬೋರ್‌ವೆಲ್ ಕೊರೆಸೋಕೆ, ಬಿತ್ತನೆಗೆ, ಮಗನ ಫೀಸಿಗೆ. ಬಿಡಿಸಿಕೊಳ್ಳೋದು ಸುಗ್ಗಿಗೆ ಅಂತ ಮಾತು. ಕೆಲವು ಸುಗ್ಗಿ ಬರೋದೇ ಇಲ್ಲ. 1985ರಲ್ಲಿ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟವಾಗಿ ಹೇಳಿತು: ಸ್ತ್ರೀಧನ ಹೆಂಡತಿಯ ಸಂಪೂರ್ಣ ಸ್ವತ್ತು, ಗಂಡನ ಮನೆಯಲ್ಲಿ ಇದ್ದ ಮಾತ್ರಕ್ಕೆ ಅದು ಜಂಟಿ ಆಸ್ತಿ ಆಗೋದಿಲ್ಲ, ಕೊಡದೆ ನುಂಗಿದರೆ ನಂಬಿಕೆದ್ರೋಹದ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಕಾನೂನು ಅಷ್ಟು ನೇರ. ಆದ್ರೆ ಮಳೆ ಕೈಕೊಟ್ಟ ವರ್ಷ ಎದುರಿಗೆ ನಿಂತ ಗಂಡನಿಗೆ ಸರ ಬಿಚ್ಚಿಕೊಡಲ್ಲ ಅನ್ನೋಕೆ ಸುಪ್ರೀಂ ಕೋರ್ಟಿನ ತೀರ್ಪು ಸಾಕಾಗಲ್ಲ. ಅಲ್ಲಿ ಬೇಕಾಗೋದು ಲಕ್ಕಮ್ಮನಂಥ ಗಟ್ಟಿ ಸ್ವಭಾವ. ಅಥವಾ ಗಂಡನ ಮೇಲಿನ ಪ್ರೀತಿಯೇ ಅದನ್ನ ಬಿಚ್ಚಿಸುತ್ತೆ, ಅದನ್ನೂ ಹೇಳಬೇಕು. ಎಲ್ಲ ಅಡವೂ ಅನ್ಯಾಯ ಅಲ್ಲ.

ಚಿನ್ನದಿಂದ ಅಡುಗೆಮನೆಗೆ ಹೋಗೋಣ. ಅರವತ್ತರ ದಶಕದ ನಂತರ ಮಧ್ಯಮವರ್ಗದ ಮನೆಗಳಿಗೆ ಹೊಸ ಥರದ ಸಾಮಾನುಗಳು ಬಂದವು. ಇವು ಬಳಸೋರು ಒಬ್ಬರು, ದುಡ್ಡು ಕೊಡೋರು ಇನ್ನೊಬ್ಬರು ಅನ್ನೋ ಥರದವು.

ಮಿಕ್ಸಿ ತಗೊಳ್ಳಿ. ಮುಂಬಯಿಯಲ್ಲಿ ಸತ್ಯಪ್ರಕಾಶ್ ಮಾಥುರ್ ಅಂತ ಎಂಜಿನಿಯರು. ಅವರ ಹೆಂಡತಿ ಮಾಧುರಿ ಅವರ ಹತ್ತಿರ ಇದ್ದ ಜರ್ಮನಿಯ ಬ್ರೌನ್ ಮಿಕ್ಸರು ನಮ್ಮ ರುಬ್ಬೋ ಕೆಲಸ ತಡೆಯದೆ ಸುಟ್ಟುಹೋಯ್ತು. ಹಣ್ಣಿನ ರಸಕ್ಕೆ ಮಾಡಿದ ಮೋಟಾರಿಗೆ ನೆನೆಸಿದ ಅಕ್ಕಿ, ಒಣಮೆಣಸಿನಕಾಯಿ ಅರೆ ಅಂದ್ರೆ ಹೇಗೆ? ಗಂಡ ಕೂತು ನಮ್ಮ ಅಡುಗೆಗೆ ತಡೆಯೋ ಮೋಟಾರು ಮಾಡಿದರು. 1963ರ ಸುಮೀತ್ ಮಿಕ್ಸಿಯ ಹುಟ್ಟು ಅದು. ಹೆಂಡತಿಯ ತೊಂದರೆ ಗಂಡನ ಕಿವಿಗೆ ಬಿದ್ದು, ಗಂಡ ಅದನ್ನ ತೊಂದರೆ ಅಂತ ಒಪ್ಪಿಕೊಂಡ ಅಪರೂಪದ ಪ್ರಸಂಗ ಅಂತ ನಾನಂತೂ ನೋಡ್ತೀನಿ.

ಯಾಕೆಂದ್ರೆ ಉಳಿದ ಮನೆಗಳಲ್ಲಿ ಮಿಕ್ಸಿಯ ಚರ್ಚೆ ನಡೆದದ್ದು ಹೀಗಲ್ಲ. ಒರಳುಕಲ್ಲಿನ ಚಟ್ನಿಯ ರುಚಿ ಬರಲ್ಲ. ಹಿಟ್ಟು ಬಿಸಿಯಾಗುತ್ತೆ, ಇಡ್ಲಿ ಉಬ್ಬಲ್ಲ. ಕರೆಂಟ್ ಬಿಲ್ಲು. ನಾವೆಲ್ಲ ಕೈಯಲ್ಲೇ ರುಬ್ಬಿಲ್ವಾ? ರುಬ್ಬೋ ಕೈ ಯಾರದ್ದೋ, ರುಚಿ ಹೇಳೋ ನಾಲಿಗೆ ಇನ್ಯಾರದ್ದೋ. ಬೆಳಗ್ಗೆ ನಾಲ್ಕೂವರೆಗೆ ಎದ್ದು ಗುಂಡು ತಿರುಗಿಸೋಳ ತೋಳಿಗೆ ಆ ಚರ್ಚೆಯಲ್ಲಿ ಓಟಿರಲಿಲ್ಲ. ಹಾಗಾಗಿ ಎಷ್ಟೋ ಮನೆಗೆ ಮಿಕ್ಸಿ ಬಂದದ್ದು ಚೀಟಿ ದುಡ್ಡಿನಿಂದ, ಇಲ್ಲಾ ಮಗಳ ಮದುವೆಯಲ್ಲಿ ಬೀಗರ ಕಡೆಯಿಂದ. ಇಲ್ಲಾ ಡಬ್ಬಿಯಿಂದ.

ಕಂಪನಿಗಳು ಈ ವಿಷಯವನ್ನ ನಮಗಿಂತ ಚೆನ್ನಾಗಿ ತಿಳಿದುಕೊಂಡಿದ್ದವು. 1959ರಲ್ಲಿ ಬೆಂಗಳೂರಿನಲ್ಲಿ ಟಿಟಿಕೆಯವರ ಪ್ರೆಸ್ಟೀಜ್ ಪ್ರೆಷರ್ ಕುಕ್ಕರ್ ತಯಾರಿಕೆ ಶುರುವಾಯ್ತು. ಮುಂದೆ ಅವರ ಪ್ರಸಿದ್ಧ ಹಿಂದಿ ಜಾಹೀರಾತು ಮಾತಾಡಿದ್ದು ಅಡುಗೆ ಮಾಡೋಳ ಹತ್ತಿರ ಅಲ್ಲ, ಗಂಡನ ಹತ್ತಿರ. ಹೆಂಡತಿಯನ್ನ ಪ್ರೀತಿಸೋನು ಈ ಕುಕ್ಕರನ್ನ ಬೇಡ ಅನ್ನೋದು ಹೇಗೆ ಅಂತ ಅದರ ಭಾವ. ಎಂಥ ಜಾಣತನ ನೋಡಿ. ಉರಿ ಉಳಿಯುತ್ತೆ, ಹೊತ್ತು ಉಳಿಯುತ್ತೆ ಅಂತ ವಾದ ಮಾಡೋ ಕೆಲಸ ಹೆಂಡತಿಗೆ ತಪ್ಪಿತು. ಬೇಡ ಅಂದ್ರೆ ಪ್ರೀತಿ ಇಲ್ಲ ಅಂತಾಗುತ್ತೆ! ಸಾಮಾನು ಅವಳದು, ಕೊಡಿಸಿದ ಹೆಸರು ಅವನದು.

ಎಂಬತ್ತರ ದಶಕಕ್ಕೆ ಟಿವಿ ಬಂತು, ಟಿವಿಯಲ್ಲಿ ಲಲಿತಾಜಿ ಬಂದಳು. ಅಹಮದಾಬಾದಿನ ಕರ್ಸನ್‌ಭಾಯ್ ಪಟೇಲರ ನಿರ್ಮಾ ಪುಡಿ ಕಡಿಮೆ ಬೆಲೆಯಿಂದ ಸರ್ಫ್‌ನ ಮಾರುಕಟ್ಟೆಯನ್ನ ತಿಂದುಹಾಕ್ತಿತ್ತು. ಸರ್ಫ್‌ನವರಿಗೆ ದುಬಾರಿ ಪುಡಿ ಮಾರಬೇಕು. ಜಾಹೀರಾತು ಮಾಡಿದ ಅಲಿಕ್ ಪದಮ್ಸಿ ನಿಲ್ಲಿಸಿದ್ದು ಬಿಳಿ ಸೀರೆಯ, ತರಕಾರಿಯವನ ಹತ್ತಿರ ಚೌಕಾಸಿ ಮಾಡೋ, ಯಾರ ಮಾತಿಗೂ ಮರುಳಾಗದ ಗೃಹಿಣಿಯನ್ನ. ಕವಿತಾ ಚೌಧರಿ ಆ ಪಾತ್ರ ಮಾಡಿದರು. ಅಗ್ಗದ ಸಾಮಾನು ಬೇರೆ, ಒಳ್ಳೇ ಸಾಮಾನು ಬೇರೆ ಅಂತ ಅವಳು ಕ್ಯಾಮೆರಾ ನೋಡಿ ಹೇಳ್ತಾಳೆ. ಅವಳು ಗಂಡನನ್ನ ಕೇಳಿಕೊಂಡು ಬರ್ತೀನಿ ಅನ್ನಲ್ಲ. ಕುಕ್ಕರ್ ಜಾಹೀರಾತಿನಲ್ಲಿ ಹೆಂಡತಿ ಪ್ರೀತಿಗೆ ಪಾತ್ರಳು; ಇಲ್ಲಿ ಅವಳು ತೀರ್ಮಾನ ಮಾಡೋಳು. ಆದ್ರೆ ಲೆಕ್ಕ ನೋಡಿ: ಅವಳಿಗೆ ಬಿಟ್ಟುಕೊಟ್ಟದ್ದು ಸೋಪಿನ ಪುಡಿ. ಕುಕ್ಕರ್‌ಗೆ ಇನ್ನೂ ಗಂಡ ಬೇಕು, ಸ್ಕೂಟರಿಗಂತೂ ಕೇಳೋದೇ ಬೇಡ. ವರ್ಷಗಟ್ಟಲೆ ಕಾದು ಬಜಾಜ್ ತಗೊಂಡದ್ದು ಗಂಡ, ಹಿಂದೆ ಒಂದು ಪಕ್ಕಕ್ಕೆ ಕೂತದ್ದು ಹೆಂಡತಿ. ಕಿಕ್ ಹೊಡೆಯೋದೂ ಬೇಡದ, ಗೇರೂ ಇಲ್ಲದ ಕೈನೆಟಿಕ್ ಹೋಂಡಾ 1984ರಲ್ಲಿ ಬಂದ ಮೇಲೆ ಗಾಡಿಯ ವಿಷಯದಲ್ಲೂ 'ನನಗೆ ಬೇಕು' ಅನ್ನೋ ಮಾತು ಕೇಳಿಸೋಕೆ ಶುರುವಾಯ್ತು.

ಈಗ ಸ್ವಲ್ಪ ಹೊರಗೆ ಹೋಗಿ ಬರೋಣ, ಇಂಗ್ಲೆಂಡಿಗೆ. ಕಾರಣ ಇದೆ. 1945ರಲ್ಲಿ ಅಲ್ಲಿನ ಸರ್ಕಾರ ಮಕ್ಕಳಿರುವ ಕುಟುಂಬಗಳಿಗೆ ವಾರ ವಾರ ಭತ್ಯೆ ಕೊಡೋಕೆ ಮಸೂದೆ ತಂತು. ಮೊದಲ ಕರಡಿನಲ್ಲಿ ದುಡ್ಡು ಅಪ್ಪನ ಹೆಸರಿಗೆ ಅಂತಿತ್ತು. ಎಲೀನರ್ ರಾತ್‌ಬೋನ್ ಅನ್ನೋ ಸಂಸದೆ ಸಿಡಿದೆದ್ದರು. ದಶಕಗಳ ಕಾಲ ಇದೇ ಭತ್ಯೆಗಾಗಿ ಹೋರಾಡಿದ ಹೆಂಗಸು, ಅಪ್ಪನಿಗೆ ಕೊಡೋದಾದರೆ ನಾನೇ ಇದರ ವಿರುದ್ಧ ಮತ ಹಾಕ್ತೀನಿ ಅಂದರು. ಕೊನೆಗೆ ತಾಯಿಯ ಹೆಸರಿಗೆ ಅಂತ ಬದಲಾಯ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಇನ್ನೊಂದು ಹೆಜ್ಜೆ: ಅಪ್ಪನ ಸಂಬಳದ ತೆರಿಗೆಯಲ್ಲಿ ಮಕ್ಕಳ ಹೆಸರಲ್ಲಿ ಸಿಗ್ತಿದ್ದ ರಿಯಾಯಿತಿ ತೆಗೆದು, ಅದನ್ನೂ ಸೇರಿಸಿ ತಾಯಿಯ ಕೈಗೇ ನಗದಾಗಿ ಕೊಟ್ಟರು. ಮನೆಗೆ ಬರೋ ದುಡ್ಡು ಹೆಚ್ಚೂಕಡಿಮೆ ಅಷ್ಟೇ, ಜೇಬು ಮಾತ್ರ ಬೇರೆ. ಇದರಿಂದ ಏನಾಯ್ತು ಅಂತ ಅರ್ಥಶಾಸ್ತ್ರಜ್ಞರಾದ ಶೆಲ್ಲಿ ಲುಂಡ್‌ಬರ್ಗ್, ರಾಬರ್ಟ್ ಪೊಲಾಕ್, ಟೆರೆನ್ಸ್ ವೇಲ್ಸ್ 1997ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಗಂಡಸರ ಬಟ್ಟೆಗೆ ಹೋಲಿಸಿದರೆ ಹೆಂಗಸರ ಬಟ್ಟೆ, ಮಕ್ಕಳ ಬಟ್ಟೆಯ ಮೇಲಿನ ಖರ್ಚು ಹೆಚ್ಚಿತ್ತು. ಅದೇ ದಂಪತಿಗಳ ದೇಶ, ಅದೇ ಸ್ವಭಾವಗಳು. ನೋಟು ಬಂದು ಬಿದ್ದ ಕೈ ಬದಲಾಯ್ತು, ಅಂಗಡಿಯ ಚೀಲದಲ್ಲಿ ಬಂದ ಸಾಮಾನೂ ಬದಲಾಯ್ತು.

ಇದನ್ನ ಓದುವಾಗ ನಮ್ಮ ಊರಿನದೇ ಒಂದು ಯೋಜನೆ ನೆನಪಾಗದೇ ಇರುತ್ತಾ? 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಶುರುವಾಯ್ತು. ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ. ಒಂದು ಕೋಟಿಗೂ ಹೆಚ್ಚು ಹೆಂಗಸರು ಇದರಲ್ಲಿ ಸೇರಿದ್ದಾರೆ. ಯೋಜನೆಯ ರಾಜಕೀಯ, ಬೊಕ್ಕಸದ ಹೊರೆ, ಕಂತು ತಡವಾಗೋದು, ಇದೆಲ್ಲ ಬೇರೆ ಸಂಚಿಕೆಗೆ. ನನಗೆ ಇಷ್ಟವಾದದ್ದು ಒಂದು ಪದ. ಯಜಮಾನಿ. ನಮ್ಮ ಹೆಂಗಸರು ಗಂಡನ ಹೆಸರು ಹೇಳದೆ 'ನಮ್ಮ ಯಜಮಾನ್ರು' ಅಂತಾರೆ. ಮನೆಗೆ ಬಂದ ಸೇಲ್ಸ್‌ಮನ್ನಿಗೆ 'ಯಜಮಾನ್ರು ಮನೇಲಿಲ್ಲ' ಅಂದ್ರೆ ಕೊಳ್ಳೋ ಅಧಿಕಾರ ಇರೋರು ಇಲ್ಲ ಅಂತಲೇ ಅರ್ಥ. ಸರ್ಕಾರಿ ಅರ್ಜಿಯಲ್ಲಿ ಅದೇ ಪದಕ್ಕೆ ಒಂದು ಇಕಾರ ಸೇರಿತು. 2013ರ ಆಹಾರ ಭದ್ರತಾ ಕಾಯ್ದೆ ಪಡಿತರ ಚೀಟಿಯಲ್ಲಿ ಮನೆಯ ಹಿರಿಯ ಹೆಂಗಸನ್ನೇ ಮುಖ್ಯಸ್ಥೆ ಅಂತ ಮಾಡಿತ್ತಾದರೂ, ಅವಳ ಕೈಗೆ ನಗದು ಬಂದದ್ದು ಈಗ.

ಬಂದ ಕೂಡಲೇ ಜಗಳವೂ ಬಂತು, ಆದ್ರೆ ಗಂಡ ಹೆಂಡತಿಯ ನಡುವೆ ಅಲ್ಲ. ಯಜಮಾನಿ ಅಂದ್ರೆ ಅತ್ತೆಯೋ ಸೊಸೆಯೋ? ಅತ್ತೆಗೇ ಅಂತ ಸಚಿವರು ಹೇಳಬೇಕಾಯ್ತು. ಬೆಲ್ಜಿಯಂನ ನಾಲ್ಕು ವಿಭಾಗಗಳಲ್ಲಿ ಇಲ್ಲದ ನಮ್ಮ ವಿಭಾಗ ಇದೇ ನೋಡಿ.

ಆ ದುಡ್ಡಲ್ಲಿ ಏನು ಕೊಂಡರು? ಫ್ರಿಜ್ ಕೊಂಡವರು, ಹೊಲಿಗೆ ಯಂತ್ರ ಕೊಂಡವರು, ಮೊಮ್ಮಕ್ಕಳ ಫೀಸು ಕಟ್ಟಿದವರು ಸುದ್ದಿಯಾದರು. ಬೆಳಗಾವಿ ಜಿಲ್ಲೆಯ ಒಬ್ಬ ಹಿರಿಯಮ್ಮ ಕೂಡಿಟ್ಟು ಊರಿಗೆ ಹೋಳಿಗೆ ಊಟ ಹಾಕಿಸಿದರು. ಕೆಲವರಿಗೆ ಇದು ದುಂದು ಅನಿಸಿತು. ನನಗೆ ಹಾಗನಿಸಲಿಲ್ಲ. ಜೀವನವಿಡೀ ಬೇರೆಯವರ ಮನೆಯ ಊಟದ ಲೆಕ್ಕಕ್ಕೆ ಬಡಿಸಿದ ಕೈ, ಒಂದು ಸಲ ತನ್ನ ಲೆಕ್ಕದಲ್ಲಿ ಬಡಿಸಿದೆ.

ಇಷ್ಟೆಲ್ಲ ಆದಮೇಲೂ ಒಂದು ಸಣ್ಣ ವಿಷಯ ಉಳಿಯುತ್ತೆ. ಸಾಸಿವೆ ಡಬ್ಬಿಗೆ ಒಂದು ಗುಣ ಇತ್ತು, ಅದು ಸದ್ದು ಮಾಡ್ತಿರಲಿಲ್ಲ. ಬ್ಯಾಂಕ್ ಖಾತೆ ಸದ್ದು ಮಾಡುತ್ತೆ. ದುಡ್ಡು ಬಂದ್ರೆ ಒಂದು ಮೆಸೇಜು, ತೆಗೆದ್ರೆ ಒಂದು ಮೆಸೇಜು, ಅಂಗಡಿಯಲ್ಲಿ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿದ್ರೆ ಇನ್ನೊಂದು. ಎಷ್ಟೋ ಮನೆಗಳಲ್ಲಿ ಖಾತೆ ಅವಳ ಹೆಸರಲ್ಲಿದ್ದರೂ ಅದಕ್ಕೆ ಜೋಡಿಸಿರೋ ನಂಬರು ಗಂಡನದು, ಇಲ್ಲಾ ಮಗನದು. ಅವಳು ಪೇಟೆಯಲ್ಲಿ ಒಂದು ಸೀರೆಗೆ ದುಡ್ಡು ಕೊಟ್ಟು ಬಸ್ಸು ಹತ್ತೋದರೊಳಗೆ ಮನೆಯಲ್ಲಿ ಯಾರದ್ದೋ ಜೇಬಿನಲ್ಲಿ ಟಣ್ ಅಂತ ಸದ್ದಾಗಿರುತ್ತೆ. ಬಾಗಿಲು ತೆಗೆಯುವ ಹೊತ್ತಿಗೆ 'ಏನು ತಂದೆ?' ಅನ್ನೋ ಪ್ರಶ್ನೆ ರೆಡಿ.

ನಿಮ್ಮ ಮನೆಯಲ್ಲಿ ಆ ಮೆಸೇಜ್ ಯಾರ ಫೋನಿಗೆ ಬರುತ್ತೆ? ನಿಮ್ಮಮ್ಮ, ನಿಮ್ಮಜ್ಜಿ ಡಬ್ಬಿ ದುಡ್ಡಲ್ಲಿ ಕೊಂಡ ಸಾಮಾನು ಯಾವುದಾದ್ರೂ ಮನೆಯಲ್ಲಿ ಇನ್ನೂ ಇದೆಯಾ? ಬರೆದು ತಿಳಿಸಿ, ಮುಂದೊಂದು ಸಂಚಿಕೆಯಲ್ಲಿ ಓದ್ತೀನಿ.